ಗಾಜು-ಸೆರಾಮಿಕ್ ಒಲೆಯ ಗೀರುಗಳೂ ಕಲೆಗಳೂ

ವಿದ್ಯುತ್ ಒಲೆಗಳ ಮೇಲ್ಭಾಗಕ್ಕೆ ಅಳವಡಿಸುವ ಗಾಜು-ಸೆರಾಮಿಕ್ ಫಲಕವು ಕೊಂಡ ಹೊಸದರಲ್ಲಿ ನಿಷ್ಕಳಂಕವಾಗಿ ಹೊಳೆಯುತ್ತದೆಯಾದರೂ, ಕೆಲವು ತಿಂಗಳ ಅಡುಗೆಯಾದ ಮೇಲೆ ಅದರ ಮೇಲೆ ಬೂದುಬಣ್ಣದ ಗೆರೆಗಳು, ಬಿಳಿಯ ಮಬ್ಬು, ಸೀದು ಕಂದಾದ ಉಂಗುರಗಳು, ಓರೆಯಾಗಿ ಬಿದ್ದ ಬೆಳಕಿನಲ್ಲಷ್ಟೇ ಕಾಣುವ ಸಪೂರ ರೇಖೆಗಳು ಒಂದೊಂದಾಗಿ ಮೂಡತೊಡಗುತ್ತವೆ. ಬಹುತೇಕ ಮನೆಗಳಲ್ಲಿ ಇವೆಲ್ಲವನ್ನೂ ಗೀರುಗಳೆಂದೇ ಭಾವಿಸಿ, ಪಾತ್ರೆ ತಿಕ್ಕಲು ಬಳಸುವ ನಾರು, ಪುಡಿ ಮತ್ತು ತಂತಿಯ ಉಂಡೆಗಳಿಂದಲೇ ಫಲಕವನ್ನೂ ತಿಕ್ಕುವುದು ರೂಢಿಯಾಗಿದ್ದು, ಇಲ್ಲದಿದ್ದ ಗೀರುಗಳು ಹುಟ್ಟಿಕೊಳ್ಳುವುದು ಹೆಚ್ಚಾಗಿ ಈ ತಿಕ್ಕಾಟದಿಂದಲೇ. ಫಲಕದ ಮೇಲೆ ಕಾಣುವ ಯಾವುದೇ ಗುರುತು ಎರಡೇ ಬಗೆಯದಾಗಿರಲು ಸಾಧ್ಯ: ಹೊರಗಿನ ಯಾವುದೋ ವಸ್ತು ಮೇಲ್ಮೈಗೆ ಬಂದು ಅಂಟಿಕೊಂಡಿರಬೇಕು, ಇಲ್ಲವೇ ಮೇಲ್ಮೈಯಿಂದಲೇ ಒಂದಂಶ ಕಿತ್ತುಹೋಗಿರಬೇಕು. ಅಂಟಿಕೊಂಡದ್ದನ್ನು ಅದರ ರಾಸಾಯನಿಕ ಸ್ವಭಾವ ತಿಳಿದರೆ ಬಹುಮಟ್ಟಿಗೆ ಪೂರ್ತಿಯಾಗಿಯೇ ತೆಗೆಯಬಹುದು; ಕಿತ್ತುಹೋದದ್ದನ್ನು ಮನೆಯಲ್ಲಿ ಯಾವ ಪುಡಿಯಿಂದಲೂ ಯಾವ ಲೇಪದಿಂದಲೂ ಮರಳಿ ತುಂಬಲಾಗದು. ಆದ್ದರಿಂದ ಶುಚಿಗೊಳಿಸುವ ವಿಧಾನಕ್ಕಿಂತ ಮೊದಲು ಗುರುತನ್ನು ಪರೀಕ್ಷಿಸುವ ವಿಧಾನವನ್ನು ತಿಳಿಯುವುದು ಅಗತ್ಯವಾಗುತ್ತದೆ, ಮತ್ತು ಅದಕ್ಕೂ ಮೊದಲು ಈ ಫಲಕ ಎಂತಹ ವಸ್ತುವಿನಿಂದ ಆದುದೆಂಬುದನ್ನು ಅರಿಯಬೇಕಾಗುತ್ತದೆ.

ಗಾಜಿನ ಒಳಗೆ ಅಣುಗಳು ನಿಯತವಾದ ಜೋಡಣೆಯಿಲ್ಲದೆ, ದ್ರವದಲ್ಲಿದ್ದ ಸ್ಥಿತಿಯಲ್ಲಿಯೇ ಗಟ್ಟಿಯಾಗಿ ನಿಂತಿರುತ್ತವೆ. ಸ್ಫಟಿಕದಲ್ಲಿ ಅವು ಕ್ರಮಬದ್ಧವಾದ ಸಾಲುಗಳಲ್ಲಿ ಜೋಡಣೆಗೊಂಡಿರುತ್ತವೆ. ಮೊದಲು ಗಾಜಾಗಿ ಅಚ್ಚುಗೊಳಿಸಿ, ಬಳಿಕ ನಿಯಂತ್ರಿತ ಶಾಖದಲ್ಲಿ ಅದರೊಳಗೆ ಅಸಂಖ್ಯ ಸೂಕ್ಷ್ಮ ಸ್ಫಟಿಕಗಳು ಹುಟ್ಟುವಂತೆ ಮಾಡಿದ ವಸ್ತುವೇ ಗಾಜು-ಸೆರಾಮಿಕ್. ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ಪ್ರಯೋಗಾಲಯದಲ್ಲಿ ರಸಾಯನವಿಜ್ಞಾನಿ ಡೊನಾಲ್ಡ್ ಸ್ಟೂಕಿ 1950ರ ದಶಕದ ಆರಂಭದಲ್ಲಿ ಇದನ್ನು ಕಂಡುಕೊಂಡದ್ದು ಒಂದು ಆಕಸ್ಮಿಕದಿಂದ. ಬೆಳಕಿಗೆ ಸ್ಪಂದಿಸುವ ಗಾಜಿನ ತುಣುಕೊಂದನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕಾಗಿದ್ದ ಕುಲುಮೆಯ ನಿಯಂತ್ರಕ ಕೆಟ್ಟು, ಶಾಖ 900 ಡಿಗ್ರಿಯವರೆಗೆ ಏರಿತ್ತು. ಕರಗಿ ಹರಿದಿರಬೇಕಾಗಿದ್ದ ಗಾಜು ಬಿಳಿಯ ಗಟ್ಟಿ ಫಲಕವಾಗಿ ಮಾರ್ಪಟ್ಟಿತ್ತು, ಹೊರತೆಗೆಯುವಾಗ ಚಿಮಟದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಈ ಶೋಧದಿಂದ ಮೊದಲು ಶಾಖವನ್ನು ತಾಳುವ ಅಡುಗೆಯ ಪಾತ್ರೆಗಳು ಬಂದವು. 1960ರ ದಶಕದಲ್ಲಿ ಅದೇ ಕಂಪನಿ ಗಾಜು-ಸೆರಾಮಿಕ್ ಮೇಲ್ಮೈಯುಳ್ಳ ಒಲೆಯನ್ನು ತಯಾರಿಸಿತು. 1971ರಲ್ಲಿ ಜರ್ಮನಿಯ ಮೈನ್ಸ್ ನಗರದ ಶಾಟ್ ಕಂಪನಿ ಸೆರಾನ್ ಎಂಬ ಹೆಸರಿನ ಫಲಕವನ್ನು ಹೊರತಂದ ಮೇಲೆ ಯುರೋಪಿನ ಅಡುಗೆಮನೆಗಳಲ್ಲಿ ಈ ಬಗೆಯ ಒಲೆ ನೆಲೆಯೂರಿತು.

ಇಂದಿನ ಫಲಕಗಳಲ್ಲಿ ಲಿಥಿಯಂ, ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಧಾತುಗಳ ಆಕ್ಸೈಡುಗಳು ಮುಖ್ಯ ಘಟಕಗಳಾಗಿದ್ದು, ಸ್ಫಟಿಕಗಳು ಹುಟ್ಟಲು ಬೀಜವಾಗುವಂತೆ ಟೈಟೇನಿಯಂ ಮತ್ತು ಜಿರ್ಕೋನಿಯಂ ಆಕ್ಸೈಡುಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಲಾಗಿರುತ್ತದೆ. ಹೀಗೆ ಹುಟ್ಟುವ ಸ್ಫಟಿಕಗಳ ಒಂದು ವಿಶೇಷ ಗುಣವೆಂದರೆ ಕಾಯಿಸಿದಾಗ ಅವು ಹಿಗ್ಗುವ ಬದಲು ತುಸು ಕುಗ್ಗುತ್ತವೆ. ಅವುಗಳ ನಡುವೆ ಉಳಿದ ಗಾಜು ಮಾತ್ರ ಎಂದಿನಂತೆ ಹಿಗ್ಗುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸುವುದರಿಂದ ಫಲಕದ ಒಟ್ಟು ಹಿಗ್ಗುವಿಕೆ ಹೆಚ್ಚುಕಡಿಮೆ ಸೊನ್ನೆಯಾಗುತ್ತದೆ. ಒಂದು ಮೀಟರ್ ಉದ್ದದ ಕಿಟಕಿಯ ಗಾಜು 100 ಡಿಗ್ರಿ ಬಿಸಿಯೇರಿದಾಗ ಸುಮಾರು 0.9 ಮಿಲಿಮೀಟರ್ ಹಿಗ್ಗಿದರೆ, ಅಷ್ಟೇ ಉದ್ದದ ಗಾಜು-ಸೆರಾಮಿಕ್ 0.02 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಕೆಳಗಿನ ಕಾಯಿಲ್ ಕೆಂಪಗೆ ಕಾದಿರುವಾಗ ಮೇಲೆ ತಣ್ಣೀರು ಬಿದ್ದರೂ ಫಲಕ ಸಿಡಿಯದಿರುವುದಕ್ಕೆ ಕಾರಣ ಇದು, ಮತ್ತು ಸಕ್ಕರೆಯ ಪಾಕ ಈ ಫಲಕಕ್ಕೆ ವಿಶೇಷವಾಗಿ ಅಪಾಯಕಾರಿಯಾಗುವುದಕ್ಕೂ, ಮುಂದೆ ವಿವರಿಸಲಾಗುವಂತೆ, ಇದೇ ಗುಣ ಕಾರಣ.

ಕರ್ನಾಟಕದ ಮನೆಗಳಲ್ಲಿ ಈ ವಸ್ತು ಹೆಚ್ಚಾಗಿ ಕಾಣಸಿಗುವುದು ಇಂಡಕ್ಷನ್ ಒಲೆಯಲ್ಲಿ. ಕಾಂತಕ್ಷೇತ್ರದ ಬದಲಾವಣೆಯಿಂದ ಪಾತ್ರೆಯ ತಳವನ್ನೇ ನೇರವಾಗಿ ಕಾಯಿಸುವ ಈ ಒಲೆಯಲ್ಲಿ ಫಲಕವು ಪಾತ್ರೆಯಿಂದ ಬರುವ ಶಾಖವನ್ನು ಮಾತ್ರ ಪಡೆಯುತ್ತದೆ. ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಮಾತ್ರ ಫಲಕದಡಿಯ ಕಾಯಿಲ್ ಕಾದು, ಅದರ ಅತಿಗೆಂಪು ಕಿರಣಗಳು ಫಲಕದ ಮೂಲಕ ಹಾಯ್ದು ಪಾತ್ರೆಯನ್ನು ತಲುಪುವ ವಿಕಿರಣ ಒಲೆಗಳು ಸಾಮಾನ್ಯವಾಗಿವೆ. ಇವುಗಳ ಮೇಲ್ಮೈ ಬಹಳ ಹೆಚ್ಚು ಕಾಯುವುದರಿಂದ ಚೆಲ್ಲಿದ ಪ್ರತಿಯೊಂದು ಹನಿಯೂ ಸೀದು ಅಂಟುತ್ತದೆ. ಇವೆರಡಕ್ಕಿಂತ ಬೇರೆಯಾದದ್ದು ಅಡುಗೆ ಅನಿಲದ ಒಲೆಗಳ ಗಾಜಿನ ಮೇಲ್ಭಾಗ. ಅದು ಸಾಮಾನ್ಯ ಗಾಜನ್ನು ಕಾಯಿಸಿ ಹಠಾತ್ತನೆ ಗಾಳಿಯಿಂದ ತಣಿಸಿ, ಹೊರಪದರವು ಸದಾ ಒತ್ತಡದಲ್ಲಿಯೂ ಒಳಭಾಗವು ಸೆಳೆತದಲ್ಲಿಯೂ ಇರುವಂತೆ ಹದಗೊಳಿಸಿದ ಗಾಜಾಗಿದ್ದು, ಆಳವಾದ ಗೀರೊಂದು ಆ ಹೊರಪದರವನ್ನು ದಾಟಿದರೆ ಇಡೀ ಫಲಕ ಒಮ್ಮೆಗೇ ಕಾಳುಕಾಳಾಗಿ ಚೂರಾಗುತ್ತದೆ. ಗಾಜು-ಸೆರಾಮಿಕ್ ಹಾಗೆ ಹದಗೊಳಿಸಿದ್ದಲ್ಲ. ಒಡೆದಾಗ ಅದು ಉದ್ದನೆಯ ಬಿರುಕುಗಳಾಗಿ ಸೀಳುತ್ತದೆ. ಮುಂದೆ ಹೇಳುವ ಶುಚಿಗೊಳಿಸುವ ಕ್ರಮಗಳಲ್ಲಿ ಹಲವು ಎರಡಕ್ಕೂ ಸಲ್ಲುತ್ತವೆಯಾದರೂ, ಬ್ಲೇಡಿನ ಬಳಕೆಯನ್ನು ಗಾಜು-ಸೆರಾಮಿಕ್ ಫಲಕಕ್ಕೆ ಮಾತ್ರ ಸೀಮಿತಗೊಳಿಸುವುದು ಕ್ಷೇಮ.

ಗೀರು ಬೀಳುವುದು ಗಡಸುತನಕ್ಕೆ ಸಂಬಂಧಿಸಿದ ಸಂಗತಿ. ಜರ್ಮನ್ ಖನಿಜವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕದಲ್ಲಿ ಹತ್ತು ಖನಿಜಗಳು ಮೆದುವಿನಿಂದ ಗಡಸಿನ ಕಡೆಗೆ ಕ್ರಮವಾಗಿ ನಿಲ್ಲುತ್ತವೆ. ಹೆಚ್ಚಿನ ಅಂಕೆಯ ವಸ್ತು ತನಗಿಂತ ಕಡಿಮೆ ಅಂಕೆಯದನ್ನು ಗೀರಬಲ್ಲದು, ಕಡಿಮೆ ಅಂಕೆಯದು ಹೆಚ್ಚಿನದನ್ನು ಗೀರಲಾರದು. ಬಳಪದ ಕಲ್ಲಿಗೆ ಅದರಲ್ಲಿ 1, ವಜ್ರಕ್ಕೆ 10. ಗಾಜು-ಸೆರಾಮಿಕ್ ಫಲಕ ಸುಮಾರು 6ರ ಆಸುಪಾಸಿನಲ್ಲಿದೆ. ಅಲ್ಯೂಮಿನಿಯಂ ಮತ್ತು ತಾಮ್ರ 3ರ ಸಮೀಪದಲ್ಲಿವೆ, ಅಡುಗೆ ಸೋಡಾ 2.5ರಲ್ಲಿದೆ, ಸಾಮಾನ್ಯ ಸ್ಟೀಲ್ ಪಾತ್ರೆಯೂ ಫಲಕಕ್ಕಿಂತ ಮೆದುವೇ. ಪಾತ್ರೆ ಎಳೆದದ್ದರಿಂದಲೇ ಗೀರು ಬಿತ್ತೆಂಬ ತಿಳಿವಳಿಕೆ ಆದ್ದರಿಂದ ಅರ್ಧಸತ್ಯ. ಪಾತ್ರೆಯ ಲೋಹವು ಫಲಕವನ್ನು ಗೀರುವುದು ಅಪರೂಪ, ಪಾತ್ರೆಯ ತಳಕ್ಕೆ ಅಂಟಿ ಬಂದ ಮರಳಿನ ಕಣವೇ ನಿಜವಾಗಿ ಗೀರುವಂಥದು. ಮರಳು ಬಹುಪಾಲು ಕ್ವಾರ್ಟ್ಜ್, ಅದರ ಗಡಸುತನ 7. ಸೊಪ್ಪು ತೊಳೆದ ಕಟ್ಟೆಯ ಮೇಲೆ, ಗೆಡ್ಡೆಗಳನ್ನು ಹೆಚ್ಚಿದ ಜಾಗದಲ್ಲಿ, ಅಕ್ಕಿ ಬೇಳೆ ಆರಿಸಿದ ತಟ್ಟೆಯ ತಳದಲ್ಲಿ ಈ ಕಣಗಳು ಇದ್ದೇ ಇರುತ್ತವೆ. ಅಲ್ಲಿಂದ ಎತ್ತಿ ಒಲೆಯ ಮೇಲಿಟ್ಟ ಪಾತ್ರೆಯನ್ನು ತುಸು ಹೊರಳಿಸಿದರೂ ಸಾಕು. ಎರಕದ ಕಬ್ಬಿಣದ ಕಾವಲಿಯ ಒರಟು ತಳ ಮತ್ತು ಪಿಂಗಾಣಿ ಪಾತ್ರೆಗಳ ಮೆರುಗಿಲ್ಲದ ತಳದಂಚು ಕೂಡ ಗೀರಬಲ್ಲವು.

ಪರಂಪರೆಯಿಂದ ಬಂದ ಪಾತ್ರೆ ತಿಕ್ಕುವ ಸಾಮಗ್ರಿಗಳ ವಿಷಯದಲ್ಲಿ ಇಲ್ಲಿ ಎಚ್ಚರ ಬೇಕಾಗುತ್ತದೆ. ಇಟ್ಟಿಗೆ ಪುಡಿಯಲ್ಲಿ ಮರಳಿನ ಅಂಶವಿದೆ. ಬತ್ತದ ಹೊಟ್ಟಿನ ಬೂದಿಯ ಬಹುಭಾಗ ಸಿಲಿಕಾ. ಕಲ್ಲನ್ನು ಪುಡಿಮಾಡಿ ತಯಾರಿಸುವ ರಂಗೋಲಿ ಪುಡಿಯಲ್ಲಿ ಯಾವ ಖನಿಜವಿದೆಯೆಂಬುದು ಆಯಾ ಊರಿನ ಕಲ್ಲನ್ನು ಅವಲಂಬಿಸಿದೆ. ಹಿತ್ತಾಳೆಯ ಕೊಡ, ಕಂಚಿನ ತಟ್ಟೆಗಳಿಗೆ ಇವು ಒಪ್ಪುತ್ತಿದ್ದವು, ಏಕೆಂದರೆ ಲೋಹದ ಮೇಲಿನ ಸಣ್ಣ ಗೀರುಗಳು ಒಂದರಲ್ಲೊಂದು ಬೆರೆತು ಹೊಳಪಾಗಿಯೇ ಕಾಣುತ್ತವೆ. ಕಪ್ಪು ಗಾಜಿನ ಮೇಲೆ ಅದೇ ಗೀರುಗಳು ಬೆಳಕನ್ನು ಚದುರಿಸಿ ಬಿಳಿಯ ಮಬ್ಬಾಗಿ ನಿಲ್ಲುತ್ತವೆ. ಅಂಗಡಿಯಲ್ಲಿ ಸಿಗುವ ಒರಟಾದ ಹಸಿರು ತಿಕ್ಕುವ ನಾರಿಗೆ ಸಾಮಾನ್ಯವಾಗಿ ಲೇಪಿಸಿರುವುದು ಅಲ್ಯೂಮಿನಿಯಂ ಆಕ್ಸೈಡಿನ ಕಣಗಳನ್ನು. ಸ್ಫಟಿಕರೂಪದಲ್ಲಿ ಅದರ ಗಡಸುತನ 9. ಫಲಕವನ್ನು ಮಂಕಾಗಿಸಲು ಮನೆಯಲ್ಲಿರುವ ವಸ್ತುಗಳಲ್ಲಿ ಇದಕ್ಕಿಂತ ಸಮರ್ಥವಾದದ್ದು ಇನ್ನೊಂದಿರಲಾರದು.

ಗುರುತನ್ನು ಪರೀಕ್ಷಿಸುವ ಕ್ರಮ ಸರಳವಾಗಿದೆ. ಒಲೆ ಪೂರ್ತಿ ತಣ್ಣಗಾದ ಮೇಲೆ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆತ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಫಲಕವನ್ನು ಒರೆಸಿ, ಬೇರೊಂದು ಒಣಬಟ್ಟೆಯಿಂದ ತೇವವನ್ನೆಲ್ಲ ತೆಗೆಯಬೇಕು. ಇಷ್ಟರಿಂದಲೇ ಮಾಯವಾಗುವ ಗುರುತುಗಳೂ ಸಾಕಷ್ಟಿರುತ್ತವೆ. ಉಳಿದವುಗಳ ಮೇಲೆ ಟಾರ್ಚಿನ ಬೆಳಕನ್ನು ಬದಿಯಿಂದ, ಫಲಕಕ್ಕೆ ಬಹುತೇಕ ಸಮಾನಾಂತರವಾಗಿ ಬಿಡಬೇಕು. ಅನಂತರ ಉಗುರನ್ನು ಗೆರೆಗೆ ಅಡ್ಡಲಾಗಿ, ಒತ್ತದೆ, ನಿಧಾನವಾಗಿ ಸರಿಸಬೇಕು. ಉಗುರು ತಡೆಯಿಲ್ಲದೆ ಜಾರಿದರೆ ಅದು ಲೋಹದ ಗುರುತೋ ಖನಿಜದ ಪದರವೋ ಅತಿ ಮೇಲುಮೇಲಿನ ಗೀರೋ ಆಗಿರುತ್ತದೆ. ಉಗುರು ಉಬ್ಬೊಂದನ್ನು ಹತ್ತಿ ಇಳಿದರೆ ಸೀದ ಆಹಾರ ಅಂಟಿಕೊಂಡಿದೆ. ಉಗುರು ಸಣ್ಣ ತೋಡಿಗೆ ಸಿಕ್ಕಿಕೊಂಡರೆ ಅಲ್ಲಿ ವಸ್ತುವೇ ಕಿತ್ತುಹೋಗಿದೆ. ಬಣ್ಣವೂ ನೆರವಾಗುತ್ತದೆ: ಬೆಳ್ಳಿಯಂತೆ ಮಿನುಗುವ ಬೂದು ಗೆರೆ ಬಹುಪಾಲು ಲೋಹದ್ದು, ಅಂಚು ಮಸುಕಾದ ಬಿಳಿ ಕಲೆ ನೀರಿನದು, ಕಂದು ಮತ್ತು ಕಪ್ಪು ಸೀದದ್ದರದು.

ಲೋಹದ ಗುರುತುಗಳಿಂದ ಆರಂಭಿಸುವುದು ಉಚಿತ, ಏಕೆಂದರೆ ಗೀರೆಂಬ ತಪ್ಪು ಹೆಸರನ್ನು ಹೊತ್ತು ಅತಿ ಹೆಚ್ಚು ಆತಂಕವನ್ನುಂಟುಮಾಡುವುದು ಇವೇ. ಅಲ್ಯೂಮಿನಿಯಂ ಇಲ್ಲವೆ ತಾಮ್ರದ ತಳವುಳ್ಳ ಪಾತ್ರೆಯನ್ನು ಫಲಕದ ಮೇಲೆ ಎಳೆದಾಗ, ಗಡಸಾದ ಗಾಜಿಗೆ ತಾಗಿ ಮೆದುವಾದ ಲೋಹವೇ ಸವೆದು ತೆಳುವಾದ ಗೆರೆಯಾಗಿ ಉಳಿಯುತ್ತದೆ. ಸವೆದದ್ದು ಪಾತ್ರೆಯೇ ಹೊರತು ಫಲಕವಲ್ಲ. ಈ ಗೆರೆ ಮತ್ತೆ ಮತ್ತೆ ಕಾದಾಗ ಲೋಹ ಉತ್ಕರ್ಷಣಗೊಂಡು, ಎಂದರೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ, ಮೇಲ್ಮೈಗೆ ಇನ್ನಷ್ಟು ಬಿಗಿಯಾಗಿ ಅಂಟುವುದರಿಂದ, ಕಂಡ ದಿನವೇ ತೆಗೆಯುವುದು ಸುಲಭ. ಅಡುಗೆ ಸೋಡಾಕ್ಕೆ ಕೆಲವೇ ಹನಿ ನೀರು ಬೆರೆಸಿ, ಗಟ್ಟಿಯಾದ ಕಲಸಾಗಿ ಗೆರೆಯ ಮೇಲೆ ಹಚ್ಚಿ, ತೇವದ ಬಟ್ಟೆಯಿಂದ ಒಂದೆರಡು ನಿಮಿಷ ಹಗುರವಾಗಿ ಉಜ್ಜಬೇಕು. ನೀರು ಹೆಚ್ಚಾದರೆ ಸೋಡಾದ ಕಣಗಳು ಕರಗಿಹೋಗಿ ಉಜ್ಜುವ ಶಕ್ತಿಯೇ ಉಳಿಯುವುದಿಲ್ಲ. ಕಣಗಳು ಕಣಗಳಾಗಿಯೇ ಇರುವಷ್ಟು ಮಾತ್ರ ತೇವವಿರಬೇಕು. ಈ ಕಣಗಳು ಗಾಜಿಗಿಂತ ಬಹಳ ಮೆದುವಾಗಿರುವುದರಿಂದ ಎಷ್ಟು ಉಜ್ಜಿದರೂ ಫಲಕಕ್ಕೆ ಹಾನಿಯಿಲ್ಲ. ಇದಕ್ಕೂ ಬಗ್ಗದ ಹಳೆಯ ಗೆರೆಗಳಿಗೆ ಗಾಜು-ಸೆರಾಮಿಕ್ ಒಲೆಗೆಂದೇ ತಯಾರಾದ ಶುಚಿಕಾರಕ ಕ್ರೀಮ್ ಬಳಸಬೇಕು. ಅದರಲ್ಲಿ ಅತಿ ನುಣುಪಾದ ಉಜ್ಜುಕಣಗಳ ಜೊತೆಗೆ ಲೋಹದ ಆಕ್ಸೈಡನ್ನು ಕರಗಿಸುವ ಸೌಮ್ಯ ಆಮ್ಲವೂ ಇರುವುದುಂಟು.

ಆಕ್ಸಾಲಿಕ್ ಆಮ್ಲವುಳ್ಳ ಶುಚಿಪುಡಿಗಳು ಲೋಹದ ಗುರುತುಗಳ ಮೇಲೆ ಇನ್ನೂ ಚುರುಕಾಗಿ ಕೆಲಸ ಮಾಡುತ್ತವೆ. ಈ ಆಮ್ಲ ಹೊಟ್ಟೆಗೆ ಹೋದರೆ ವಿಷವಾಗಿರುವುದರಿಂದ ಕೈಗವಸು ಧರಿಸಿ, ಮಕ್ಕಳ ಕೈಗೆ ಸಿಗದಂತೆ ಬಳಸಿ, ಕೆಲಸ ಮುಗಿದೊಡನೆ ಹಲವು ಸಲ ಒದ್ದೆಬಟ್ಟೆಯಿಂದ ಒರೆಸಿ, ಲೇಶವೂ ಉಳಿಯದಂತೆ ನೋಡಿಕೊಂಡ ಮೇಲೆಯೇ ಒಲೆಯನ್ನು ಹೊತ್ತಿಸಬೇಕು. ಉಳಿದ ಪುಡಿ ಕಾದರೆ ಕಣ್ಣು ಮೂಗುಗಳನ್ನು ಕೆಣಕುವ ಹಬೆ ಏಳುತ್ತದೆ. ತುಕ್ಕು ತೆಗೆಯುವ ಕೆಲವು ದ್ರವಗಳಲ್ಲಿ ಫ್ಲೋರೈಡ್ ಸೇರಿದ ಆಮ್ಲವಿದ್ದು, ಗಾಜನ್ನೇ ಕೊರೆಯುವ ಗುಣ ಅದಕ್ಕಿರುವುದರಿಂದ ಅಂಥವನ್ನು ಫಲಕದ ಬಳಿಗೂ ತರಬಾರದು. ಬ್ಲೀಚಿಂಗ್ ದ್ರಾವಣವನ್ನು ಯಾವ ಆಮ್ಲದೊಂದಿಗೂ ಬೆರೆಸುವುದು ಸಲ್ಲದು. ಬೆರೆಸಿದರೆ ವಿಷಕಾರಿಯಾದ ಕ್ಲೋರಿನ್ ಅನಿಲ ಹೊರಬೀಳುತ್ತದೆ.

ಬಿಳಿಯ ಮಬ್ಬಿನ ಕಥೆ ನೀರಿನಿಂದ ಬಂದದ್ದು. ಕೋಲಾರ, ತುಮಕೂರು, ಚಿತ್ರದುರ್ಗದಂತಹ ಬಯಲುಸೀಮೆಯ ಕೊಳವೆಬಾವಿಗಳ ನೀರು ಗಡಸಾಗಿರುವುದು ಎಲ್ಲರಿಗೂ ತಿಳಿದ ವಿಷಯ. ಬೆಂಗಳೂರಿನಲ್ಲಿಯೂ ಕೊಳವೆಬಾವಿಯ ನೀರನ್ನು ಅವಲಂಬಿಸಿದ ಬಡಾವಣೆಗಳ ನಲ್ಲಿಗಳಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಈ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು, ಉಕ್ಕಿದ ನೀರು ಬಿಸಿ ಫಲಕದ ಮೇಲೆ ಆವಿಯಾದಾಗ, ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟಿನ ಪದರವಾಗಿ ಉಳಿಯುತ್ತವೆ. ಒದ್ದೆಯಾಗಿರುವಾಗ ಕಾಣದೆ, ಒಣಗಿದೊಡನೆ ಮತ್ತೆ ಕಾಣಿಸಿಕೊಳ್ಳುವುದು ಇದರ ಲಕ್ಷಣ. ಕಾರ್ಬೊನೇಟನ್ನು ಆಮ್ಲವು ಕರಗಿಸುತ್ತದೆಯಾದ್ದರಿಂದ, ಸುಮಾರು ಶೇಕಡಾ 5ರಷ್ಟು ಅಸಿಟಿಕ್ ಆಮ್ಲವಿರುವ ಬಿಳಿ ವಿನೆಗರನ್ನು ಬಟ್ಟೆಗೆ ಹಾಕಿ, ಆ ಬಟ್ಟೆಯನ್ನು ಕಲೆಯ ಮೇಲೆ ಹತ್ತು ನಿಮಿಷ ಹಾಸಿಟ್ಟು ಒರೆಸಿದರೆ ಮಬ್ಬು ಹೋಗುತ್ತದೆ.

ಕನ್ನಡದ ಅಡುಗೆಮನೆಯಲ್ಲಿ ಹುಳಿಯೆಂದೊಡನೆ ನೆನಪಾಗುವುದು ಹುಣಿಸೆಹಣ್ಣು, ಮತ್ತು ತಾಮ್ರ ಹಿತ್ತಾಳೆಗಳನ್ನು ಬೆಳಗುವುದರಲ್ಲಿ ಅದಕ್ಕೆ ಸಮನಾದದ್ದು ಕಡಿಮೆ. ಅದರೊಳಗಿನ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಸೊಗಸಾಗಿ ಕರಗಿಸುತ್ತದೆ. ಆದರೆ ಅದೇ ಆಮ್ಲ ಕ್ಯಾಲ್ಸಿಯಂ ಜೊತೆ ಸೇರಿದಾಗ ಹುಟ್ಟುವ ಲವಣ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ವಿನೆಗರಿನಿಂದ ಹುಟ್ಟುವ ಕ್ಯಾಲ್ಸಿಯಂ ಅಸಿಟೇಟು ಸುಲಭವಾಗಿ ಕರಗಿ ಒರೆಸುವ ಬಟ್ಟೆಗೆ ಬಂದುಬಿಡುತ್ತದೆ. ನೀರಿನ ಕಲೆಗೆ ಹುಣಿಸೆಗಿಂತ ವಿನೆಗರ್ ಮೇಲೆನ್ನುವುದಕ್ಕೆ ಇದು ಕಾರಣ. ಹುಣಿಸೆಯ ರಸದಲ್ಲಿರುವ ಸಕ್ಕರೆ ಮತ್ತು ನಾರು ಫಲಕದ ಮೇಲೆ ಉಳಿದು ಮುಂದೆ ಸೀಯುವುದು ಇನ್ನೊಂದು ಕಾರಣ. ಇದೇ ಸಂದರ್ಭದಲ್ಲಿ, ಸೋಡಾ ಮತ್ತು ವಿನೆಗರನ್ನು ಒಟ್ಟಿಗೆ ಸುರಿದು ನೊರೆಯೆಬ್ಬಿಸುವ ಜನಪ್ರಿಯ ಉಪಾಯದ ಬಗ್ಗೆಯೂ ಹೇಳಬೇಕು. ನೊರೆ ಎದ್ದಿತೆಂದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ಕಳೆದುಕೊಂಡವೆಂದೇ ಅರ್ಥ. ಉಳಿಯುವುದು ಸೋಡಿಯಂ ಅಸಿಟೇಟ್ ಬೆರೆತ ನೀರು ಮಾತ್ರ. ಕಲೆ ನೀರಿನದಾದರೆ ವಿನೆಗರನ್ನಷ್ಟೇ, ಲೋಹದ್ದೋ ಜಿಡ್ಡಿನದೋ ಆದರೆ ಸೋಡಾವನ್ನಷ್ಟೇ, ಬೇರೆ ಬೇರೆಯಾಗಿ ಬಳಸಿದಾಗ ಎರಡೂ ತಮ್ಮ ಪೂರ್ಣ ಶಕ್ತಿಯನ್ನು ತೋರುತ್ತವೆ.

ಕೆಲವೊಮ್ಮೆ ಫಲಕದ ಮೇಲೆ ನೇರಳೆ, ಹಸಿರು, ಹಳದಿ ಬಣ್ಣಗಳ ಕಾಮನಬಿಲ್ಲಿನ ಛಾಯೆ ಕಾಣುವುದುಂಟು. ಅದು ಶುಚಿಕಾರಕದ ಶೇಷವೋ ಖನಿಜವೋ ಬೆಳಕಿನ ತರಂಗದಷ್ಟೇ ತೆಳುವಾದ ಪದರವಾಗಿ ಉಳಿದಾಗ, ಪದರದ ಮೇಲಿನಿಂದಲೂ ಕೆಳಗಿನಿಂದಲೂ ಪ್ರತಿಫಲಿಸಿದ ಕಿರಣಗಳು ಕೂಡಿ ಹುಟ್ಟಿಸುವ ಬಣ್ಣ. ವಿನೆಗರಿನಿಂದಲೋ ಕ್ರೀಮಿನಿಂದಲೋ ಅದು ಹೋಗುತ್ತದೆ. ಅಮೋನಿಯಾ ಬೆರೆತ ಕಿಟಕಿ ಗಾಜಿನ ದ್ರವವನ್ನು ಮಾತ್ರ ಈ ಫಲಕಕ್ಕೆ ಬಳಸದಿರುವುದು ಒಳ್ಳೆಯದು. ಅದರ ಶೇಷ ಮುಂದಿನ ಸಲ ಒಲೆ ಕಾದಾಗ ಕಲೆಯಾಗಿ ನಿಲ್ಲುತ್ತದೆ.

ಸೀದ ಸಾರು, ಉಕ್ಕಿದ ಹಾಲು, ಒಗ್ಗರಣೆಯ ಎಣ್ಣೆ ಇವು ಶಾಖದಲ್ಲಿ ಕರಿಕಾಗಿ ಮೇಲ್ಮೈಗೆ ಹತ್ತಿಕೊಂಡಿರುತ್ತವೆ. ಇಂಥಲ್ಲಿ ಮೊದಲು ನೆನೆಸುವುದು, ಬಳಿಕ ಹೆರೆಯುವುದು. ಸೋಡಾದ ಕಲಸನ್ನು ಹಚ್ಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಅರ್ಧ ಗಂಟೆ ಮುಚ್ಚಿಟ್ಟರೆ ಕರಿಕು ಸಡಿಲಗೊಳ್ಳುತ್ತದೆ. ಉಳಿದದ್ದನ್ನು ಹಿಡಿಯುಳ್ಳ, ಒಂದೇ ಬದಿಗೆ ಅಲಗಿರುವ ಬ್ಲೇಡಿನ ಹೆರೆಯುವ ಸಾಧನದಿಂದ, ಫಲಕಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಅಲಗಿನ ಪೂರ್ಣ ಅಗಲವೂ ಸಮನಾಗಿ ತಾಗುವಂತೆ, ಮುಂದಕ್ಕೆ ನೂಕುತ್ತ ತೆಗೆಯಬೇಕು. ಬ್ಲೇಡಿನ ಉಕ್ಕು ಫಲಕಕ್ಕಿಂತ ಮೆದುವೇ ಆದರೂ, ಕೈ ವಾಲಿ ಮೂಲೆಯ ಮೊನೆ ಮಾತ್ರ ಒತ್ತಿದಾಗ, ಇಲ್ಲವೆ ಮುಕ್ಕಾದ ಅಲಗಿಗೆ ಮರಳಿನ ಕಣ ಸಿಕ್ಕಿದಾಗ ಗೀರು ಬೀಳುತ್ತದೆ. ಆದ್ದರಿಂದ ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಮುಕ್ಕಿದ್ದರೆ ಎಸೆಯಬೇಕು. ಒಣ ಫಲಕದ ಮೇಲೆ ಬ್ಲೇಡ್ ಓಡಿಸದೆ, ಯಾವಾಗಲೂ ನೀರು ಇಲ್ಲವೆ ಕ್ರೀಮಿನ ತೇವವಿರುವಂತೆ ನೋಡಿಕೊಳ್ಳುವುದು ಮೇಲು.

ಸಕ್ಕರೆ ಮತ್ತು ಬೆಲ್ಲದ ವಿಷಯ ಪ್ರತ್ಯೇಕ ಗಮನವನ್ನು ಬೇಡುತ್ತದೆ. ಉಳಿದೆಲ್ಲ ಕಲೆಗಳಿಗೂ ಒಲೆ ತಣಿಯುವವರೆಗೆ ಕಾಯಬೇಕೆಂಬ ನಿಯಮವಿದ್ದರೆ, ಪಾಕಕ್ಕೆ ಅದರ ವಿರುದ್ಧವಾದ ನಿಯಮವಿದೆ. ಹೋಳಿಗೆಯ ಹೂರಣಕ್ಕೆ ಬೆಲ್ಲ ಕರಗಿಸುವಾಗ, ಅಂಟಿನ ಉಂಡೆಗೋ ಕಡಲೆಕಾಯಿ ಚಿಕ್ಕಿಗೋ ಗಟ್ಟಿ ಪಾಕ ತೆಗೆಯುವಾಗ, ಸಂಕ್ರಾಂತಿಯ ಸಕ್ಕರೆ ಅಚ್ಚಿಗೆಂದು ಪಾಕ ಕಾಯಿಸುವಾಗ ಸೌಟಿನಿಂದ ತೊಟ್ಟಿಕ್ಕಿದ ಪಾಕ ಬಿಸಿ ಫಲಕದ ಮೇಲೆ ಬಿದ್ದು, ಇದ್ದ ನೀರಿನಂಶವನ್ನೂ ಕಳೆದುಕೊಂಡು ಗಾಜಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಣಿಯತೊಡಗಿದಾಗ ಸಕ್ಕರೆಯ ಪದರ ಗಣನೀಯವಾಗಿ ಕುಗ್ಗುತ್ತದೆ; ಕೆಳಗಿನ ಫಲಕವೋ, ಮೊದಲೇ ಹೇಳಿದಂತೆ, ಹಿಗ್ಗದೆಯೂ ಕುಗ್ಗದೆಯೂ ಇದ್ದಲ್ಲಿಯೇ ನಿಲ್ಲುತ್ತದೆ. ಕುಗ್ಗುವ ಪದರಕ್ಕೂ ಕುಗ್ಗದ ಫಲಕಕ್ಕೂ ನಡುವೆ ಉಂಟಾಗುವ ಸೆಳೆತ ಒಂದು ಮಿತಿಯನ್ನು ಮೀರಿದಾಗ, ಸಕ್ಕರೆ ತಾನು ಬಿಡುವ ಬದಲು ಗಾಜಿನ ಚಿಪ್ಪುಗಳನ್ನೇ ಕಿತ್ತುಕೊಂಡು ಮೇಲೇಳುತ್ತದೆ. ಹೀಗೆ ಬಿದ್ದ ಗುಳಿಗಳು ಶಾಶ್ವತ. ಇದಕ್ಕೆ ಹೊಣೆ ತಿಕ್ಕಿದವರದಲ್ಲ, ಚೆಲ್ಲಿದವರದೂ ಅಲ್ಲ; ಪಾಕವು ತಣಿಯಲು ಬಿಟ್ಟ ಆ ಕೆಲವು ನಿಮಿಷಗಳದು.

ಆದ್ದರಿಂದ ವಿಕಿರಣ ಒಲೆಯ ಮೇಲೆ ಪಾಕ ಚೆಲ್ಲಿದೊಡನೆ ಒಲೆಯನ್ನು ಆರಿಸಿ, ಪಾತ್ರೆಯನ್ನು ಎತ್ತಿ ಬದಿಗಿಟ್ಟು, ದಪ್ಪನೆಯ ಕೈಗವಸು ತೊಟ್ಟು, ಪಾಕ ಇನ್ನೂ ಮೆತ್ತಗಿರುವಾಗಲೇ ಉದ್ದ ಹಿಡಿಯ ಲೋಹದ ಹೆರೆಯುವ ಸಾಧನದಿಂದ ಅದನ್ನು ಕಾಯದ ಭಾಗದ ಕಡೆಗೆ ನೂಕಿ ತೆಗೆಯಬೇಕು. ಉಳಿದ ತೆಳುಪದರವನ್ನು ಒಲೆ ತಣಿದ ಮೇಲೆ ಒದ್ದೆಬಟ್ಟೆಯಿಂದ ತೆಗೆಯಬಹುದು. ಗಮನಕ್ಕೆ ಬರುವ ಮೊದಲೇ ತಣಿದು ಗಟ್ಟಿಯಾಗಿದ್ದರೆ ಚಾಕುವಿನಿಂದ ಎಬ್ಬಲೇಬಾರದು, ಎಬ್ಬಿದರೆ ಚಿಪ್ಪು ಕೀಳುವ ಕೆಲಸವನ್ನು ಕೈಯಾರೆ ಮುಗಿಸಿದಂತಾಗುತ್ತದೆ. ಸಕ್ಕರೆ ನೀರಿನಲ್ಲಿ ಕರಗುವ ವಸ್ತುವೆಂಬುದನ್ನು ನೆನೆದು, ಬಿಸಿನೀರಿನ ಬಟ್ಟೆಯನ್ನು ಹಾಸಿ, ಆರಿದಾಗ ಬದಲಿಸುತ್ತ, ತಾಳ್ಮೆಯಿಂದ ಕರಗಿಸುವುದೇ ಸರಿಯಾದ ಮಾರ್ಗ. ಕರಗಿದ ಪ್ಲಾಸ್ಟಿಕ್‌ಗೂ ಬಿಸಿಯಿರುವಾಗಲೇ ತೆಗೆಯುವ ನಿಯಮ ಅನ್ವಯಿಸುತ್ತದೆ, ನೀರು ಮಾತ್ರ ಅದರ ಮೇಲೆ ನಡೆಯುವುದಿಲ್ಲ. ಇಂಡಕ್ಷನ್ ಒಲೆಯಲ್ಲಿ ಫಲಕದ ಶಾಖ ಕಡಿಮೆಯಿರುವುದರಿಂದ ಅಪಾಯವೂ ಕಡಿಮೆಯಾದರೂ, ಪಾಕದ ಪಾತ್ರೆಯ ಅಡಿಗೇ ಹರಿದು ಸೇರಿದ ಬೆಲ್ಲಕ್ಕೆ ಇದೇ ಎಚ್ಚರ ಬೇಕು.

ಇಷ್ಟೆಲ್ಲ ಆದ ಮೇಲೂ ಉಳಿಯುವುದು ನಿಜವಾದ ಗೀರು. ಹಲ್ಲುಜ್ಜುವ ಪೇಸ್ಟನ್ನು ಹಚ್ಚಿದರೆ ಗೀರು ಮಾಯವಾಗುತ್ತದೆಂಬ ಸಲಹೆ ವ್ಯಾಪಕವಾಗಿದೆ. ಪೇಸ್ಟಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಇಲ್ಲವೆ ನುಣುಪಾದ ಸಿಲಿಕಾ ಗೀರಿನೊಳಗೆ ಸೇರಿದ್ದ ಲೋಹ ಮತ್ತು ಕೊಳೆಯನ್ನು ಹೊರತೆಗೆಯುವುದರಿಂದ ಗೆರೆ ತುಸು ಮಸುಕಾಗುವುದು ನಿಜ; ತೋಡು ಮಾತ್ರ ಇದ್ದಂತೆಯೇ ಇರುತ್ತದೆ. ಎಣ್ಣೆ ಸವರಿದರೆ ಗೀರು ಕಾಣದಾಗುವುದೂ ನಿಜ, ಏಕೆಂದರೆ ಎಣ್ಣೆ ತೋಡನ್ನು ತುಂಬಿ ಬೆಳಕು ಚದುರದಂತೆ ಮಾಡುತ್ತದೆ. ಒಲೆ ಕಾದೊಡನೆ ಆ ಎಣ್ಣೆ ಹೊಗೆಯಾಡಿ, ಕಂದುಬಣ್ಣದ ಗಟ್ಟಿ ಪೊರೆಯಾಗಿ, ಇನ್ನೊಂದು ಕಲೆಯನ್ನು ಸೇರಿಸುತ್ತದೆ. ಸಿಲಿಕೋನ್ ಬೆರೆತ ರಕ್ಷಕ ಲೇಪಗಳು ಇದಕ್ಕಿಂತ ವಾಸಿ. ಅವು ಸಪೂರ ಗೀರುಗಳನ್ನು ಕೆಲಕಾಲ ಮರೆಸುವುದಲ್ಲದೆ ಮುಂದೆ ಚೆಲ್ಲಿದ್ದು ಅಂಟದಂತೆಯೂ ತಡೆಯುತ್ತವೆ, ಆಗಾಗ ಹಚ್ಚುತ್ತಿರಬೇಕಷ್ಟೆ.

ಮಸೂರಗಳಿಗೂ ಕಾರಿನ ಗಾಜಿಗೂ ಹೊಳಪು ಕೊಡಲು ಬಳಸುವ ಸೀರಿಯಂ ಆಕ್ಸೈಡ್ ಎಂಬ ಪುಡಿಯಿಂದ ಗೀರನ್ನು ಅಳಿಸುವ ಪ್ರಯತ್ನಗಳೂ ನಡೆಯುತ್ತವೆ. ಗೀರನ್ನು ಅಳಿಸುವುದೆಂದರೆ ಅದರ ಸುತ್ತಲಿನ ಮೇಲ್ಮೈಯನ್ನೆಲ್ಲ ಗೀರಿನ ತಳದ ಮಟ್ಟಕ್ಕೆ ಇಳಿಸುವುದೆಂದೇ ಅರ್ಥ. ಗಾಜು-ಸೆರಾಮಿಕ್ ವರ್ಗದ ವಸ್ತುವನ್ನು ಹಾಗೆ ಸವೆಸಿ ನುಣುಪುಗೊಳಿಸುವುದು ಅಸಾಧ್ಯವೇನಲ್ಲ: ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ಕೆಲಸ ಮಾಡುತ್ತಿರುವ ವೇಣು ಬಾಪು ದೂರದರ್ಶಕದ 2.34 ಮೀಟರ್ ವ್ಯಾಸದ ಕನ್ನಡಿ ಇದೇ ಕುಲದ ಜೆರೊಡುರ್ ಎಂಬ ವಸ್ತುವಿನಿಂದ ಆದದ್ದು, ಅದಕ್ಕೆ ಆಕಾರ ಮತ್ತು ಹೊಳಪು ಕೊಟ್ಟವರು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಜ್ಞರು. ಆದರೆ ಅದು ವಿಶೇಷ ಯಂತ್ರಗಳಿಂದ, ಬೆಳಕಿನ ತರಂಗಾಂತರದ ಅಳತೆಯಲ್ಲಿ ಮತ್ತೆ ಮತ್ತೆ ಪರೀಕ್ಷಿಸುತ್ತ ಮಾಡಿದ ದೀರ್ಘಕಾಲದ ಕೆಲಸ. ಅಡುಗೆಮನೆಯಲ್ಲಿ ಡ್ರಿಲ್ಲಿಗೆ ಉಣ್ಣೆಯ ಗಾಲಿ ಸಿಕ್ಕಿಸಿ ಉಜ್ಜಿದರೆ ಒಂದೆಡೆ ತಗ್ಗು ಬಿದ್ದು ಪ್ರತಿಬಿಂಬ ಸೊಟ್ಟಗಾಗುತ್ತದೆ, ಮೇಲ್ಮೈಯಲ್ಲಿ ಮುದ್ರಿಸಿದ ವೃತ್ತಗಳೂ ಚಿಹ್ನೆಗಳೂ ಅಳಿಸುತ್ತವೆ, ಸಾಮಾನ್ಯವಾಗಿ 4 ಮಿಲಿಮೀಟರಷ್ಟೇ ದಪ್ಪವಿರುವ ಫಲಕ ಆ ಜಾಗದಲ್ಲಿ ತೆಳುವಾಗುತ್ತದೆ. ಸಪೂರ ಗೀರುಗಳು ಅಡುಗೆಗೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲವಾದ್ದರಿಂದ ಅವನ್ನು ಇದ್ದಂತೆಯೇ ಬಿಡುವುದು ಸೋಲಲ್ಲ, ವಿವೇಕ.

ಆಳವಾದ ಗೀರಿನ ಮಾತು ಬೇರೆ. 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್, ಗಾಜು ತಾತ್ವಿಕವಾಗಿ ಇರಬೇಕಾದಷ್ಟು ಬಲವಾಗಿ ವ್ಯವಹಾರದಲ್ಲಿ ಇರದಿರುವುದಕ್ಕೆ ಅದರಲ್ಲಿನ ಅತಿ ಸಣ್ಣ ಬಿರುಕುಗಳೇ ಕಾರಣವೆಂದು ತೋರಿಸಿದ. ಬಟ್ಟೆಯ ಅಂಗಡಿಯವನು ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿದರೆ ಉಳಿದ ಅಗಲವನ್ನೆಲ್ಲ ಕೈಯಿಂದಲೇ ನೇರವಾಗಿ ಹರಿಯಬಲ್ಲನಷ್ಟೆ. ಹಾಗೆಯೇ ಇಡೀ ಫಲಕಕ್ಕೆ ಹಂಚಿಹೋಗಬೇಕಾಗಿದ್ದ ಒತ್ತಡ ಗೀರಿನ ಮೊನೆಯಲ್ಲಿ ಒಂದುಗೂಡಿ, ಅಲ್ಲಿಂದ ಬಿರುಕು ಮುಂದುವರಿಯುತ್ತದೆ. ಉಗುರು ಸ್ಪಷ್ಟವಾಗಿ ಸಿಕ್ಕಿಕೊಳ್ಳುವ ಗೀರಿರುವ ಒಲೆಯ ಮೇಲೆ ಭಾರವಾದ ಕುಕ್ಕರನ್ನು ಕುಕ್ಕುವುದನ್ನು, ಮೇಲಿನ ಕಪಾಟಿನಿಂದ ಡಬ್ಬಿಗಳು ಬೀಳುವುದನ್ನು ವಿಶೇಷವಾಗಿ ತಪ್ಪಿಸಬೇಕು. ಪಾತ್ರೆಯ ತಳವನ್ನು ಪ್ರತಿಸಲವೂ ಒರೆಸಿ ಇಡುವುದು, ಎಳೆಯದೆ ಎತ್ತಿ ಸರಿಸುವುದು, ಫಲಕವನ್ನು ತರಕಾರಿ ಹೆಚ್ಚುವ ಮಣೆಯಾಗಿ ಬಳಸದಿರುವುದು ಹೊಸ ಗೀರುಗಳನ್ನು ತಡೆಯುತ್ತವೆ.

ಗೀರೊಂದು ಉದ್ದವಾಗುತ್ತಿರುವಂತೆ ಕಂಡರೆ, ಅಥವಾ ಫಲಕದ ಅಂಚಿನಿಂದ ಹೊರಟ ರೇಖೆ ಕಾಣಿಸಿದರೆ, ಅದು ಗೀರಲ್ಲ, ಬಿರುಕು. ಆಗ ಒಲೆಯ ಗುಂಡಿಯನ್ನು ಆರಿಸುವುದಷ್ಟೇ ಸಾಲದು. ಇಂಡಕ್ಷನ್ ಒಲೆಯಾದರೆ ಪ್ಲಗ್ಗನ್ನು ಕೀಳಬೇಕು, ಕಟ್ಟೆಗೆ ಅಳವಡಿಸಿದ ಒಲೆಯಾದರೆ ಅದಕ್ಕೆ ವಿದ್ಯುತ್ ಬರುವ ಮುಖ್ಯ ಸ್ವಿಚ್ಚನ್ನೇ ಆರಿಸಬೇಕು, ಏಕೆಂದರೆ ಬಿರುಕಿನ ಮೂಲಕ ಇಳಿಯುವ ನೀರು ಕೆಳಗಿನ ತಂತಿಗಳನ್ನು ತಲುಪಿ ಮೇಲಿನ ಪಾತ್ರೆಗೂ ಅದನ್ನು ಮುಟ್ಟಿದವರಿಗೂ ವಿದ್ಯುತ್ತನ್ನು ಹಾಯಿಸಬಲ್ಲದು. ಅಂಟು, ಟೇಪು, ಗಾಜಿನ ರಾಳ ಯಾವುದೂ ಒಲೆಯ ಶಾಖವನ್ನು ತಾಳಲಾರವು. ಬಹುತೇಕ ಒಲೆಗಳ ಫಲಕವನ್ನು ಬಿಡಿಭಾಗವಾಗಿ ಬದಲಾಯಿಸಲು ಸಾಧ್ಯವಿದ್ದು, ಒಲೆಯ ತಳದಲ್ಲಿಯೋ ಬದಿಯಲ್ಲಿಯೋ ಅಂಟಿಸಿರುವ ಚೀಟಿಯಲ್ಲಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು ತಯಾರಕರ ಸೇವಾಕೇಂದ್ರಕ್ಕೆ ಒಯ್ದರೆ ಅದಕ್ಕೆ ಹೊಂದುವ ಫಲಕ ಯಾವುದೆಂಬುದು ಗೊತ್ತಾಗುತ್ತದೆ. ಹೊಸ ಫಲಕ ಕೂರುವವರೆಗೆ ಆ ಒಲೆಯ ಮೇಲೆ ಹಾಲನ್ನೂ ಕಾಯಿಸಬಾರದು.